ಕುಗ್ಗುವ ಬೆಳಕು

ದೀಪ ಆರಿದ ಮೇಲೆ ಬತ್ತಿಯನ್ನು ನೋಡುವುದು ಮನೆಯಲ್ಲಿ ನಡೆದೀತು. ಕಾರಿನ ಮುಂದೀಪದ ವಿಷಯದಲ್ಲಿ ನಡೆಯದು. ಬಲ್ಬು ಸುಟ್ಟುಹೋಗುವವರೆಗೆ ಕಾಯುವುದೇ ಮಿತವ್ಯಯವೆಂದು ಅನೇಕರು ಬಗೆದಿದ್ದಾರೆ. ನಾನು ಆ ಮಾತನ್ನು ಒಪ್ಪಲಾರೆ.

ಹ್ಯಾಲೊಜನ್ ಬಲ್ಬು ಯುರೋಪಿನ ಕಾರುಗಳಿಗೆ ಬಂದದ್ದು 1962ರಲ್ಲಿ. ಎಲ್‌ಇಡಿ ಬಂದಿದ್ದರೂ ಹಳೆಯ ಕಾರುಗಳಲ್ಲಿ ಇಂದಿಗೂ ಉರಿಯುವುದು ಅದೇ. ಅದರೊಳಗಿನ ಟಂಗ್‌ಸ್ಟನ್ ತಂತಿ ಕಾದು ಕಣಕಣವಾಗಿ ಆವಿಯಾಗುತ್ತದೆ. ಹ್ಯಾಲೊಜನ್ ಅನಿಲವು ಆ ಕಣಗಳನ್ನು ಮರಳಿ ತಂತಿಗೆ ಒಪ್ಪಿಸುತ್ತದೆ. ಆದರೆ ಹೊರಟ ಜಾಗಕ್ಕೇ ಅವು ಮರಳುವುದಿಲ್ಲ. ತಂತಿ ಅಲ್ಲಲ್ಲಿ ಸವೆಯುತ್ತದೆ, ಬೆಳಕು ಕುಗ್ಗುತ್ತದೆ. ಕುಗ್ಗುವುದು ನಿಧಾನವಾದುದರಿಂದ ಕಣ್ಣು ಅದಕ್ಕೆ ಒಗ್ಗಿಬಿಡುತ್ತದೆ.

ಶಿಗ್ಗಾವಿಯ ಬಳಿಯ ಹೆದ್ದಾರಿಯಲ್ಲಿ ಅನ್ಯರ ಬೆಳಕಿನಿಂದ ಈ ಕೊರತೆ ಮರೆಯಾಗುತ್ತದೆ. ಅಲ್ಲಿಂದ ಸವಣೂರಿಗೋ ಹಾನಗಲ್ಲಿಗೋ ತಿರುಗಿದಾಗ, ಹಿರೇಕೆರೂರಿನ ಗೋವಿನಜೋಳದ ಹೊಲಗಳ ನಡುವೆ ಸಾಗಿದಾಗ ಅದು ಬಯಲಾಗುತ್ತದೆ. ಮುಂದೆ ಹಿಂದೀಪವಿಲ್ಲದ ಟ್ರೇಲರು ಇರಬಹುದು, ಚಕ್ಕಡಿ ಇರಬಹುದು, ಪಂಪ್‌ಸೆಟ್ಟಿಗೆ ರಾತ್ರಿ ಕರೆಂಟು ಬಂದಿತೆಂದು ಹೊಲಕ್ಕೆ ಹೊರಟ ರೈತನಿರಬಹುದು. 60 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ಓಡುತ್ತದೆ. ಆತನನ್ನು ಒಂದು ಸೆಕೆಂಡು ತಡವಾಗಿ ಕಂಡರೆ ಏನಾದೀತೆಂಬುದನ್ನು ವಾಚಕರೇ ಊಹಿಸಬಹುದು.

ಹಾಗಾದರೆ ಬದಲಿಸುವುದು ಯಾವಾಗ? ಮೊದಲು ದೀಪದ ಮುಖವನ್ನು ಒರೆಸಿರಿ. ಹಳದಿಗಟ್ಟಿದ ಮುಖವೂ ಬೆಳಕನ್ನು ನುಂಗುತ್ತದೆ. ಬಳಿಕ ಒಂದು ಪಕ್ಕಕ್ಕೆ ಮಾತ್ರ ಹೊಸ ಬಲ್ಬು ಹಾಕಿ, ಕತ್ತಲಲ್ಲಿ ಗೋಡೆಗೆ ಎದುರಾಗಿ ಎರಡನ್ನೂ ಹೋಲಿಸಿರಿ. ವ್ಯತ್ಯಾಸ ಕಂಡರೆ ಹಳೆಯದಕ್ಕೆ ಕಾಲ ತುಂಬಿತು. ಒಂದು ಸುಟ್ಟಾಗಲೂ ಎರಡನ್ನೂ ಬದಲಿಸುವುದು ಲೇಸು, ಅವು ಸಮವಯಸ್ಕರು. ಬಲ್ಬಿನ ಗಾಜನ್ನು ಬೆರಳಿನಿಂದ ಮುಟ್ಟಬೇಡಿರಿ. ಚರ್ಮದ ಜಿಡ್ಡು ಅದರ ಆಯುಷ್ಯವನ್ನು ಕಡಿಮೆ ಮಾಡುತ್ತದೆ. ಹೆಚ್ಚು ವ್ಯಾಟಿನ ಬಲ್ಬು ಪರಿಹಾರವಲ್ಲ; ಅದು ಎದುರು ಬರುವವನನ್ನು ಕುರುಡಾಗಿಸುತ್ತದೆ. ದಾರಿ ಅವನದೂ ಅಲ್ಲವೆ?