ಲಂಬಕೋನದ ಗುಟ್ಟು

ಕೇರಂ ಹಲಗೆಯ ಮೇಲೆ ನಿಂತ ಕಾಯಿಗೆ ಇನ್ನೊಂದು ಕಾಯಿ ಓರೆಯಾಗಿ ತಾಗಿದರೆ ಎರಡೂ ಕವಲೊಡೆದು ಸಾಗುತ್ತವೆ. ಕವಲಿನ ಕೋನ ಹೆಚ್ಚುಕಡಿಮೆ 90 ಡಿಗ್ರಿ. ಸ್ಟ್ರೈಕರಿನದು ಬೇರೆ ಕಥೆ. 15 ಗ್ರಾಂ ಸ್ಟ್ರೈಕರ್ ನಿಂತಿರುವ 5 ಗ್ರಾಂ ಕಾಯಿಗೆ ಎಲ್ಲಿ ತಾಗಿದರೂ ತನ್ನ ದಾರಿಯಿಂದ 20 ಡಿಗ್ರಿಗಿಂತ ಹೆಚ್ಚು ಹೊರಳದು.

ತೂಕಕ್ಕೂ ಕೋನಕ್ಕೂ ಇರುವ ಈ ನಂಟು ಸುಲಭವಾಗಿ ಸಿಗಲಿಲ್ಲ. 1644ರಲ್ಲಿ ಫ್ರಾನ್ಸಿನ ದೆಕಾರ್ತ್ ಡಿಕ್ಕಿಗೆ ಏಳು ನಿಯಮ ಬರೆದ. ನಿಂತ ದೊಡ್ಡ ವಸ್ತುವನ್ನು ಚಿಕ್ಕದೊಂದು ಎಷ್ಟೇ ವೇಗವಾಗಿ ಬಡಿದರೂ ಕದಲಿಸಲಾರದು ಎಂಬುದು ಅವುಗಳಲ್ಲೊಂದು. ಅವನ ಲೆಕ್ಕದಲ್ಲಿ ವೇಗವಿತ್ತು, ದಿಕ್ಕು ಇರಲಿಲ್ಲ.

ಹಾಲೆಂಡಿನ ಹೈಗನ್ಸ್ ಇದನ್ನು ಒಪ್ಪಲಿಲ್ಲ. ಸಾಗುತ್ತಿರುವ ದೋಣಿಯಲ್ಲಿ ಒಬ್ಬ, ದಡದಲ್ಲಿ ಇನ್ನೊಬ್ಬ ನಿಂತಿದ್ದಾರೆಂದು ಊಹಿಸಿಕೊಂಡ. ದೋಣಿಯವನ ಕಣ್ಣಿಗೆ ಎರಡು ಸಮಾನ ಗುಂಡುಗಳು ಒಂದೇ ವೇಗದಲ್ಲಿ ಎದುರುಬದುರಾಗಿ ಬಡಿದು ಅದೇ ವೇಗದಲ್ಲಿ ಹಿಂದಿರುಗುತ್ತವೆ. ದೋಣಿಯ ವೇಗವೂ ಅಷ್ಟೇ ಇದ್ದರೆ, ದಡದವನಿಗೆ ಕಾಣುವುದು ಬೇರೆ: ಓಡಿಬಂದ ಗುಂಡು ನಿಂತುಬಿಡುತ್ತದೆ, ನಿಂತಿದ್ದು ಓಡುತ್ತದೆ. ಡಿಕ್ಕಿ ಒಂದೇ, ನೋಟ ಎರಡು. ಇಂಥ ತರ್ಕದಿಂದಲೇ ಅವನು ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ಕೂಡಿದ ಮೊತ್ತ ಡಿಕ್ಕಿಯ ಮೊದಲೂ ನಂತರವೂ ಒಂದೇ ಎಂದು ಕಂಡುಕೊಂಡ. 1668–69ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಡಿಕ್ಕಿಯ ನಿಯಮ ಏನೆಂದು ಕೇಳಿದಾಗ ಇಂಗ್ಲೆಂಡಿನ ವಾಲಿಸ್, ರೆನ್ ಜೊತೆಗೆ ಅವನೂ ಉತ್ತರ ಕಳಿಸಿದ. ಅವನ ಪೂರ್ಣ ಗ್ರಂಥ ಅಚ್ಚಾದದ್ದು ಅವನು ತೀರಿಕೊಂಡ ಮೇಲೆ, 1703ರಲ್ಲಿ.

ಓರೆ ಡಿಕ್ಕಿಯ ಉತ್ತರ ಆ ಬದಲಾಗದ ಮೊತ್ತದಲ್ಲೇ ಅಡಗಿದೆ. ದಿಕ್ಕುಳ್ಳ ಸಂವೇಗವೂ, ಅಂದರೆ ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದ್ದೂ, ಉಳಿಯಬೇಕು. ಹಾಗಾಗಿ ತೂಕ ಒಂದೇ ಆದರೆ ಡಿಕ್ಕಿಯ ನಂತರದ ಎರಡು ವೇಗಗಳು ಸೇರಿ ಮೊದಲಿನ ವೇಗವಾಗಬೇಕು. ಮೂರೂ ಕೂಡಿ ತ್ರಿಕೋನ. ಶಕ್ತಿ ಸೋರದಿದ್ದರೆ ಎರಡರ ವರ್ಗಗಳ ಮೊತ್ತ ಮೂರನೆಯದರ ವರ್ಗಕ್ಕೆ ಸಮ. ಅದು ಪೈಥಾಗೊರಸನ ಪ್ರಮೇಯವೇ. ಕೋನ 90 ಡಿಗ್ರಿ ಆಗಲೇಬೇಕು.

ಲೆಕ್ಕವನ್ನು ತಿರುಗಿಸಿದರೆ ಕೋನವೇ ತಕ್ಕಡಿ. 1920ರ ದಶಕದಲ್ಲಿ ಕೇಂಬ್ರಿಜ್‌ನ ಬ್ಲಾಕೆಟ್, ಕಣ ಸಾಗಿದ ಗೆರೆ ತೋರುವ ಮೋಡಕೋಶದಲ್ಲಿ ಹೀಲಿಯಂ ತುಂಬಿ ಆಲ್ಫಾ ಕಣಗಳ ಜಾಡನ್ನು ಚಿತ್ರಿಸಿದರು. ಕವಲೊಡೆದ ಜಾಡುಗಳ ನಡುವೆ ಲಂಬಕೋನವಿತ್ತು: ಬಂದದ್ದೂ ಪೆಟ್ಟು ತಿಂದದ್ದೂ ಒಂದೇ ತೂಕದವು. 1932ರಲ್ಲಿ ಚಾಂಪಿಯನ್ ಎಂಬ ವಿಜ್ಞಾನಿ ಅತಿವೇಗದ ಎಲೆಕ್ಟ್ರಾನುಗಳ ಡಿಕ್ಕಿ ಅಳೆದಾಗ ತೂಕ ಒಂದೇ ಇದ್ದರೂ ಕೋನ 90ಕ್ಕಿಂತ ಕಿರಿದಾಗಿತ್ತು. ಬೆಳಕಿನ ವೇಗದ ಸಮೀಪದಲ್ಲಿ ಹೈಗನ್ಸನ ಲೆಕ್ಕ ಸಾಲದು, ಐನ್‌ಸ್ಟೈನರ ಸಾಪೇಕ್ಷತೆ ಬೇಕು ಎಂಬುದಕ್ಕೆ ಆ ಕಿರಿದಾದ ಕೋನವೇ ಪುರಾವೆಯಾಯಿತು.