ಗಂಟಿನ ಗುಣ ಅಳೆಯುವ ಕೋಶದ ಲೆಕ್ಕ

ತೊಡೆಯಲ್ಲೋ ತೋಳಿನಲ್ಲೋ ನೋವಿಲ್ಲದ ಗಂಟು ಕಾಣಿಸಿಕೊಂಡರೆ, ವ್ಯವಹಾರದ ಒತ್ತಡದಲ್ಲಿರುವವರು ಅದನ್ನು ಕಡೆಗಣಿಸುವುದೇ ಹೆಚ್ಚು. ಇಂತಹ ಗಂಟುಗಳಲ್ಲಿ ಬಹುಪಾಲು ನಿರಪಾಯಕಾರಿ. ಕೆಲವು ಮಾತ್ರ ಮೃದು ಅಂಗಾಂಶದ ಕ್ಯಾನ್ಸರ್, ಅಂದರೆ ಸಾರ್ಕೋಮಾ ಆಗಿರುತ್ತವೆ. ಸ್ನಾಯು, ಕೊಬ್ಬು, ರಕ್ತನಾಳ ಮುಂತಾದ ಅಂಗಾಂಶಗಳ ಈ ರೋಗವು ವಯಸ್ಕರ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ. 1ರಷ್ಟಿದ್ದು, 50ಕ್ಕೂ ಅಧಿಕ ಪ್ರಭೇದಗಳನ್ನು ಹೊಂದಿದೆ.

ಗಂಟನ್ನು ತೆಗೆದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ರೋಗವು ಶ್ವಾಸಕೋಶಕ್ಕೆ ಹರಡುವ ಸಂಭವವೆಷ್ಟು? ಕಠಿಣವಾದ ಕಿಮೋಥೆರಪಿಯ ನಿರ್ಧಾರವು ಬಹುಮಟ್ಟಿಗೆ ಈ ಉತ್ತರವನ್ನು ಅವಲಂಬಿಸಿದೆ.

ಕಿ-67 ಎಂಬ ಗುರುತು

ಜೀವಕೋಶವು ವಿಭಜನೆಯ ಚಕ್ರದಲ್ಲಿರುವಾಗ ಕಿ-67 ಎಂಬ ಪ್ರೋಟೀನ್ ಅದರ ಕೇಂದ್ರದಲ್ಲಿ ಕಾಣುತ್ತದೆ. ವಿಶ್ರಾಂತಿಯಲ್ಲಿರುವ ಕೋಶದಲ್ಲಿ ಕಾಣುವುದಿಲ್ಲ. ಇದನ್ನು 1983ರಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ಯೊಹಾನೆಸ್ ಗೆರ್ಡೆಸ್ ಮತ್ತು ಸಂಗಡಿಗರು ವರದಿ ಮಾಡಿದರು. ಪ್ರಯೋಗಾಲಯದಲ್ಲಿ ಗಂಟಿನ ತೆಳು ಪದರಕ್ಕೆ ಬಣ್ಣ ಹಚ್ಚಿ ಕೋಶಗಳನ್ನು ಎಣಿಸುತ್ತಾರೆ. ನೂರರಲ್ಲಿ ಮೂವತ್ತು ಬಣ್ಣ ತಳೆದರೆ ಪ್ರಮಾಣ ಶೇ. 30. ಪ್ರಮಾಣ ಹೆಚ್ಚಿದಷ್ಟೂ ರೋಗ ಹರಡುವ ಅಪಾಯ ಹೆಚ್ಚೆಂದು ಅನೇಕ ಅಧ್ಯಯನಗಳು ತೋರಿಸಿವೆ. ಇದೇ ಹಾದಿಯಲ್ಲಿ ಫ್ರಾನ್ಸಿನ ಸಂಶೋಧಕರು 2010ರಲ್ಲಿ 'ಸಿನ್‌ಸಾರ್ಕ್' ಎಂಬ 67 ಜೀನ್‌ಗಳ ಪರೀಕ್ಷೆಯನ್ನು ಪ್ರಕಟಿಸಿದರು. ಕೋಶ ವಿಭಜನೆ ಹಾಗೂ ವರ್ಣತಂತುಗಳ ನಿರ್ವಹಣೆಗೆ ಸಂಬಂಧಿಸಿದ ಜೀನ್‌ಗಳಿವು.

ತೂಕವೊಂದೇ, ತಕ್ಕಡಿ ಬೇರೆ

ಅಳತೆಯ ಮಾನ ಒಂದೇ ಆಗದೆ ಅಂಕಿಗಳನ್ನು ಹೋಲಿಸಲಾಗದು ಎಂಬುದು ವರ್ತಕರಿಗೆ ತಿಳಿದ ಮಾತು. ಅಂಗಾಂಶವನ್ನು ಸಂರಕ್ಷಿಸಿದ ರೀತಿ, ಬಳಸಿದ ರಾಸಾಯನಿಕ, ಎಣಿಕೆಗೆ ಆರಿಸಿದ ಭಾಗ ಇವುಗಳಿಂದ ಎರಡು ಪ್ರಯೋಗಾಲಯಗಳ ಅಂಕಿ ಭಿನ್ನವಾಗಬಹುದು. ಎಲ್ಲ ಪ್ರಭೇದಗಳಿಗೂ ಸಲ್ಲುವ ಒಂದೇ ಗಡಿರೇಖೆಯೂ ಇಲ್ಲ. ಆದುದರಿಂದ ಕೋಶದ ಸ್ವರೂಪ, ವಿಭಜನೆಯ ಎಣಿಕೆ ಮತ್ತು ಸತ್ತ ಅಂಗಾಂಶದ ಪ್ರಮಾಣವನ್ನು ಆಧರಿಸಿದ ಶ್ರೇಣಿ ನಿರ್ಣಯವೇ ಇಂದಿಗೂ ಮೂಲಾಧಾರ. ಕಿ-67 ಅದಕ್ಕೆ ಪೂರಕ. ಅಪಾಯದ ಅಂಕಿಯು ಒಂದು ಗುಂಪಿನ ರೋಗಿಗಳ ಸರಾಸರಿಯೇ ಹೊರತು ಒಬ್ಬ ವ್ಯಕ್ತಿಯ ಹಣೆಬರಹವಲ್ಲ.

ಉದ್ಯಮಿಗಳು ಗಮನಿಸಬೇಕಾದುದು

5 ಸೆಂ.ಮೀ. ಮೀರಿದ, ಆಳದಲ್ಲಿರುವ ಅಥವಾ ಬೆಳೆಯುತ್ತಿರುವ ಗಂಟನ್ನು ಸ್ಕ್ಯಾನ್ ಹಾಗೂ ಸೂಜಿ ಬಯಾಪ್ಸಿ ಇಲ್ಲದೆ ಕತ್ತರಿಸಿ ತೆಗೆಸುವುದು ಸಲ್ಲದು. ವರದಿಯ ಪ್ರತಿಯನ್ನು ಜೋಪಾನವಾಗಿಡಬೇಕು. ಅಂಗಾಂಶದ ಮೇಣದ ಅಚ್ಚು ಎಲ್ಲಿದೆಯೆಂಬುದೂ ತಿಳಿದಿರಬೇಕು. ಮುಂದಿನ ಪರೀಕ್ಷೆಗಳಿಗೆ ಅದೇ ಆಧಾರ. ಕಾರ್ಮಿಕರೊಬ್ಬರು ಇಂತಹ ಗಂಟಿನ ಪರೀಕ್ಷೆಗೆ ಒಂದು ದಿನದ ರಜೆ ಕೇಳಿದರೆ, ಮಾಲೀಕರು ಅದನ್ನು ಮುಂದೂಡದಿರುವುದು ಲೇಸು.