ನಿಮಗಿದು ಗೊತ್ತೆ? ಹಾಲಿನ ಡಬ್ಬದಿಂದ ಹಡಗು ಮುಳುಗಿಸಿದ ಸೈನಿಕ

ಎರಡನೇ ಮಹಾಯುದ್ಧದಲ್ಲಿ ದಕ್ಷಿಣ ಆಫ್ರಿಕಾದ ಕರಿಯ ಸೈನಿಕರ ಕೈಗೆ ಸರ್ಕಾರ ಬಂದೂಕು ಕೊಡಲಿಲ್ಲ. 'ನೇಟಿವ್ ಮಿಲಿಟರಿ ಕೋರ್' ಎಂಬ ಪಡೆಗೆ ಸೇರಿದವರ ಪಾಲಿಗೆ ಬಂದದ್ದು ಕಂದಕ ತೋಡುವುದು, ಸಾಮಾನು ಹೊರುವುದು, ಲಾರಿ ಓಡಿಸುವುದು, ಗಾಯಾಳುಗಳನ್ನು ಸಾಗಿಸುವುದು. ಕಾವಲಿಗೆ ನಿಂತವರಿಗೆ ಈಟಿ. ಹೌದು, ಟ್ಯಾಂಕುಗಳ ಕಾಲದಲ್ಲಿ ಈಟಿ!

ಜಾಬ್ ಮಸೆಕೊ ಈ ಪಡೆಯ ಲ್ಯಾನ್ಸ್ ಕಾರ್ಪೊರಲ್. 1942ರ ಜೂನ್ 21ರಂದು ಲಿಬಿಯಾದ ಟೊಬ್ರುಕ್ ಜರ್ಮನ್ನರ ವಶವಾದಾಗ ಸಾವಿರಾರು ಜನರೊಂದಿಗೆ ಅವನೂ ಸೆರೆಸಿಕ್ಕ. ಸೆರೆಯಲ್ಲೂ ಅದೇ ಹಮಾಲಿ ಕೆಲಸ. ಬಂದರಿನಲ್ಲಿ ಶತ್ರುವಿನ ಸರಕು ಇಳಿಸಬೇಕು. ಹಿಂದೆ ಗಣಿಯಲ್ಲಿ ದುಡಿದಿದ್ದ ಅವನಿಗೆ ಸಿಡಿಮದ್ದು ಹೊಸದೇನಲ್ಲ. ತೋಟಾಗಳಿಂದ ಮದ್ದು ತೆಗೆದು ಗಟ್ಟಿಹಾಲಿನ ಖಾಲಿ ಡಬ್ಬಕ್ಕೆ ತುಂಬಿದ, ಉದ್ದನೆಯ ಬತ್ತಿ ಜೋಡಿಸಿದ. ಜುಲೈ 21ರ ಸಂಜೆ, ಜೊತೆಗಾರರು ಕಾವಲುಗಾರರ ಗಮನ ಬೇರೆಡೆ ಸೆಳೆದಿರಲು, ಹಡಗಿನೊಳಗೆ ಪೆಟ್ರೋಲ್ ಪೀಪಾಯಿಗಳ ಪಕ್ಕ ಅದನ್ನಿಟ್ಟು ಬತ್ತಿಗೆ ಕಿಡಿ ತಾಗಿಸಿ ಇಳಿದುಬಂದ. ಹಡಗು ಸಿಡಿದು ಮುಳುಗಿತು.

ಇದಕ್ಕೆ ಅವನಿಗೆ ಸಿಕ್ಕಿದ್ದು 'ಮಿಲಿಟರಿ ಮೆಡಲ್'. ಪರಮೋಚ್ಚ ವಿಕ್ಟೋರಿಯಾ ಕ್ರಾಸ್ ತಪ್ಪಿದ್ದಕ್ಕೆ ಮೈಬಣ್ಣವೇ ಕಾರಣವೆಂಬ ಮಾತು ಇಂದಿಗೂ ಇದೆ. ಯುದ್ಧಚಿತ್ರಕಾರ ನೆವಿಲ್ ಲೂಯಿಸ್ ಅವನ ಭಾವಚಿತ್ರ ಬರೆದರು.

1952ರಲ್ಲಿ ರೈಲಿಗೆ ಸಿಕ್ಕಿ ಮಸೆಕೊ ಸತ್ತಾಗ ಮಣ್ಣು ಮಾಡಲೂ ಸಾಲ ಎತ್ತಬೇಕಾಯಿತು. ವರ್ಣಭೇದ ನೀತಿ ಕೊನೆಗೊಂಡ ಮೇಲೆ ದೇಶದ ನೌಕಾಪಡೆಯ ಒಂದು ಯುದ್ಧನೌಕೆ ಅವನ ಹೆಸರು ಹೊತ್ತಿತು.